ಯುಕಿಯ ಜಾಗದಲ್ಲಿ ಶೀಲಾ

ಹಾನಗಲ್
೧೧ ಆಗಸ್ಟ್ ೨೦೨೪, ಭಾನುವಾರ

ರಾಜಶ್ರೀ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ಇದು ಎರಡನೆಯ ಹಾಳೆ.

ಕ್ಷೇಮ ಕೇಳದೆ ಕಾಗದ ಶುರು ಮಾಡಲು ನನಗೆ ಬರುವುದಿಲ್ಲ. ನೀನೂ ನಿಮ್ಮ ಅವ್ವಾರೂ ಆರಾಮ ಇರಬೇಕು. ಅವರ ಮೊಣಕಾಲಿನ ನೋವು ಈ ಮಳೆಗೆ ಹೆಚ್ಚಾಗದಿರಲಿ. ನಿನ್ನ ಐದು ಮೆಸೇಜಿಗೂ ಉತ್ತರಿಸದೆ ಮೂರು ವಾರ ಸುಮ್ಮನಿದ್ದೆ. ತಡವಾದದ್ದಕ್ಕೆ ಕ್ಷಮಿಸು, ತಡವಾದದ್ದಕ್ಕೆ ಮಾತ್ರ. ಮೊಬೈಲಿನಲ್ಲಿ ಬರೆದರೆ ನೀನು ಅರ್ಧ ಓದಿ ಕೈಮುಗಿಯುವ ಚಿತ್ರ ಕಳಿಸಿ ಮುಗಿಸುತ್ತೀ. ಅದಕ್ಕೇ ಈ ಕಾಗದ. ಕೂತು ಪೂರ್ತಿ ಓದು.

ಮೂರು ವರ್ಷದ ಹಿಂದೆ ನೀನು ಸವಣೂರಿನಿಂದ ಬಂದು ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಆ ಜಪಾನಿ ಆಟ ತೋರಿಸಿದ ದಿನ ನೆನಪಿದೆಯೇ? “ಇದು ಬಡದಾಡೂ ಆಟ ಅಲ್ಲಲೇ ಸುಧಾ, ಓದೂ ಆಟ” ಎಂದಿದ್ದೆ. ಚಿತ್ರದ ಕೆಳಗೆ ಮಾತು ಬರುತ್ತಾ ಹೋಗುತ್ತದೆ, ಅಲ್ಲಲ್ಲಿ ನಾವು ಒಂದು ದಾರಿ ಆರಿಸಬೇಕು, ಆರಿಸಿದಂತೆ ಕಥೆ ತಿರುಗುತ್ತದೆ. ಹಿಮ ಬೀಳುವ ಬೆಟ್ಟದ ಮೇಲೊಂದು ಸತ್ರ. ಅಲ್ಲಿಯ ಸೊಸೆ ಯುಕಿ ಒಂದು ಬೆಳಿಗ್ಗೆ ಹಿತ್ತಲ ಬಾವಿಯಲ್ಲಿ ಹೆಣವಾಗಿ ಸಿಗುತ್ತಾಳೆ. ಕೊಂದವರು ಯಾರೆಂದು ಆಡುವವರು ಕಂಡುಹಿಡಿಯಬೇಕು. ಮೊದಲ ಅಧ್ಯಾಯ ಮುಗಿದಾಗ ನಾನು ಎದ್ದು ಒಳಗೆ ಹೋದೆ. ನೀನು ಹಿಂದೆಯೇ ಬಂದು ಬೆನ್ನು ಸವರಿದೆ. ಯಾಕೆಂದು ಕೇಳಲಿಲ್ಲ. ನನ್ನ ತಂಗಿ ಶೀಲಾ ಗಂಡನ ಮನೆಯ ತೋಟದ ಬಾವಿಯಲ್ಲಿ ಸಿಕ್ಕಿದ್ದು ನಿನಗೆ ಗೊತ್ತಿತ್ತು. ಕಾಲು ಜಾರಿ ಬಿದ್ದಳೆಂದು ಅವರು ಹೇಳಿದರು, ಪೊಲೀಸರು ಹೇಳಿದಂತೆಯೇ ಬರೆದುಕೊಂಡು ಫೈಲು ಮುಚ್ಚಿದರು.

ಆದರೂ ನಾನು ಒಪ್ಪಿದೆ. ಆಟ ಮಾಡಿದವರಿಂದ ಅನುಮತಿ ತರಿಸಿದವಳು ನೀನು, ಜಪಾನಿಯಿಂದ ಸಾಲು ಸಾಲಾಗಿ ಇಳಿಸಿದವಳು ನೀನು, ಅದನ್ನು ಓದುವಂಥ ಕನ್ನಡ ಮಾಡಿದವಳು ನಾನು. ಶಾಲೆ ಬಿಟ್ಟ ಮೇಲೆ, ಉತ್ತರಪತ್ರಿಕೆ ತಿದ್ದುವ ಟೇಬಲ್ಲಿನ ಮೇಲೆ, ಮೂರು ವರ್ಷ. ನಾನು ಕೇಳಿದ್ದು ಒಂದೇ. ಹೆಸರುಗಳನ್ನು ಮುಟ್ಟಬಾರದು, ಯುಕಿ ಯುಕಿಯೇ ಆಗಿರಬೇಕು. “ಆತು ಬಿಡವಾ” ಎಂದು ನೀನು ಒಪ್ಪಿದ್ದೆ. ನಾನು ತಿದ್ದಿ ಕಳಿಸಿದ ಕೊನೆಯ ಪ್ರತಿಯಲ್ಲಿ ಯುಕಿ ಎಂದೇ ಇತ್ತು. ಜನರ ಕೈಗೆ ಹೋದ ಆಟದಲ್ಲಿ ಶೀಲಾ ಎಂದಿದೆ.

ನನಗೆ ಅದು ಹೇಗೆ ತಿಳಿಯಿತು ಗೊತ್ತೇನು? ನನ್ನ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ವ್ಯಾಕರಣ ಹೇಳಿಸಿಕೊಳ್ಳಲು ಮನೆಗೆ ಬಂದಿದ್ದರು. ನಾನಿನ್ನೂ ಶಾಲೆಯಿಂದ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತು ಒಂದೇ ಮೊಬೈಲಿನಲ್ಲಿ ಆಟ ಆಡುತ್ತಾ ಜೋರಾಗಿ ಓದುತ್ತಿದ್ದರಂತೆ: “ಶೀಲಾಳನ್ನು ಬಾವಿಗೆ ನೂಕಿದವರು ಯಾರು?” ಒಳಗೆ ಕಾಳು ಆರಿಸುತ್ತಿದ್ದ ಅವ್ವ ಮೊರ ಬಿಟ್ಟು ಎದ್ದು ಬಂದಿದ್ದಾಳೆ.

ನಾನು ಗೇಟು ತೆಗೆದಾಗ ಅವ್ವ ಆ ಹುಡುಗಿಯರ ನಡುವೆ ಕೂತಿದ್ದಳು. “ಯವ್ವಾ, ಅದರಾಗ ಯಾರಂತ ಬರತೈತಿ? ಕಡೀತನಾ ಓದ್ರಿ. ನಾ ಎಲ್ಲೂ ಹೋಗಂಗಿಲ್ಲ, ಸಾವಕಾಶ ಓದ್ರಿ” ಎನ್ನುತ್ತಿದ್ದಳು. ಹುಡುಗಿಯರಿಗೆ ಏನೂ ಗೊತ್ತಿರಲಿಲ್ಲ. ಅಜ್ಜಿಗೆ ಕಥೆ ಹಿಡಿಸಿದೆ ಎಂಬ ಖುಷಿ ಅವರಿಗೆ. ಕೊಂದವಳು ಅತ್ತೆ, ಸತ್ರದ ಯಜಮಾನಿ, ಎನ್ನುವಲ್ಲಿಗೆ ಓದಿಯಾಗಿತ್ತು. ಅವ್ವ ನನ್ನ ಕಡೆ ತಿರುಗಿ, “ನೋಡ, ನಾ ಹೇಳಿದ್ದಿಲ್ಲ?” ಎಂದಳು. ಅಷ್ಟೇ. ಮತ್ತೆ ಹೋಗಿ ಮೊರ ಹಿಡಿದಳು. ಇದು ಆಟ, ಜಪಾನಿನದು ಎಂದು ಎಷ್ಟು ಹೇಳಿದರೂ, “ಹೆಸರು ಅಕೀದ ಐತಿಲ್ಲೋ?” ಎಂಬ ಒಂದೇ ಮಾತು. ಅದಕ್ಕೆ ನೀನು ಏನು ಹೇಳುತ್ತೀ?

ಮರುದಿನ ನಾನು ಶಾಲೆಗೆ ಹೋದ ಮೇಲೆ ಅವ್ವ ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿದ್ದಾಳೆ. ಬಂಕಾಪುರದಲ್ಲಿ ಇಳಿದು ಇನ್ನೊಂದು ಬಸ್ಸು. ಶಿಗ್ಗಾಂವಿ ಕಡೆಯ ಶೀಲಾಳ ಗಂಡನ ಊರಿಗೆ, ಅವಳು ಹೋದ ಮೇಲೆ, ಆರು ವರ್ಷದಿಂದ ಅವ್ವ ಕಾಲಿಟ್ಟಿರಲಿಲ್ಲ. ಸುದ್ದಿ ತಿಳಿದು ಅರ್ಧ ರಜೆ ಬರೆದಿಟ್ಟು ನಾನು ಓಡಿದೆ. ನಾನು ಮುಟ್ಟುವ ಹೊತ್ತಿಗೆ ಶೀಲಾಳ ಗಂಡ ಪ್ರಶಾಂತನ ಅಂಗಳದಲ್ಲಿ ನಲವತ್ತು ಮಂದಿ ನೆರೆದಿದ್ದರು. ಅವನ ತಾಯಿ ಅಡಿವೆವ್ವ ಹೊಸ್ತಿಲ ಮೇಲೆ ಕೂತಿದ್ದಳು. ಅವ್ವ ಅಂಗಳದ ನಡುವೆ ನಿಂತು, “ನನ್ನ ಮಗಳ್ನ ನೂಕಿದಾಕಿ ನೀನ. ಕಂಪ್ಯೂಟರಿನ್ಯಾಗ ಬಂದೈತಿ!” ಎಂದು ಕೂಗುತ್ತಿದ್ದಳು.

“ಏನ್ ಬಂದೈತಿ ತೋರಸ್ರಿ” ಎಂದ ಪ್ರಶಾಂತ.

ಅವ್ವ ಕುಪ್ಪಸದೊಳಗಿಂದ ಒಂದು ಚೀಟಿ ತೆಗೆದು ಕೊಟ್ಟಳು. ಕೊನೆಯ ಪುಟದ ಮಾತನ್ನು ಆ ಹುಡುಗಿಯರಲ್ಲಿ ಒಬ್ಬಳ ಕೈಯಲ್ಲಿ ಬರೆಸಿಕೊಂಡಿದ್ದಳು. ಅವನು ಅದನ್ನು ಎಲ್ಲರಿಗೂ ಕೇಳುವಂತೆ ಓದಿದ: “ಹಿಮದ ಮೇಲೆ ಮೂಡಿದ ಹೆಜ್ಜೆಗಳು ಒಬ್ಬರವೇ. ಯಜಮಾನಿಯವರೇ, ಶೀಲಾಳನ್ನು ಕೊಂದದ್ದು ನೀವು.”

ಹಿಂದಿನಿಂದ ಯಾರೋ, “ನಮ್ಮೂರಾಗ ಹಿಮ ಯಾವಾಗ ಬಿದ್ದಿತ್ತಬೇ ಯಮ್ಮಾ?” ಎಂದರು. ಇಡೀ ಅಂಗಳ ನಕ್ಕಿತು, ರಾಜಶ್ರೀ. ಅಡಿವೆವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಸಾಲಿನ ಕನ್ನಡ ನನ್ನದು. ‘ಮೂಡಿದ’ ಎಂಬ ಶಬ್ದಕ್ಕಾಗಿ ನಾನು ಒಂದು ಸಂಜೆಯೆಲ್ಲ ಕೂತಿದ್ದೆ.

ಊರ ಹಿರಿಯರು, “ಹೆಣ್ಣುಮಕ್ಕಳ ಮ್ಯಾಲೆ ಹಿಂತಾ ಆಪಾದನಿ ಹೊರಸಬಾರದು, ತಪ್ಪಾತಂತ ಹೇಳ್ರಿ” ಎಂದರು. ಅವ್ವ ಹೇಳಲಿಲ್ಲ. ಅವಳನ್ನು ಅಲ್ಲಿಂದ ಕರೆದುಕೊಂಡು ಬರಬೇಕಾಗಿತ್ತು, ಅದಕ್ಕೇ ತಪ್ಪಾಯಿತೆಂದು ಅವಳ ಬದಲು ನಾನು ಹೇಳಿದೆ. ಅಡಿವೆವ್ವನಿಗೆ ಕೈಮುಗಿದೆ. ಆಕೆ, “ಇರ್ಲಿ ಬಿಡವಾ, ವಯಸ್ಸಾಗೈತಿ ನಿಮ್ಮವ್ವಗ” ಎಂದು ದೊಡ್ಡಮನಸ್ಸು ಮಾಡಿದಳು. ಬಸ್ಸಿನಲ್ಲಿ ಅವ್ವ ನನ್ನ ಮುಖ ನೋಡಲಿಲ್ಲ. ಹಾನಗಲ್ಲಿನಲ್ಲಿ ಇಳಿಯುವಾಗ, “ನೀನೂ ಅವರ ಕಡೇನ ಆದಿ” ಎಂದಳು.

ಈಗ ನಿನ್ನ ಮೆಸೇಜಿಗೆ ಬರುತ್ತೇನೆ. ಒಂದರಲ್ಲಿ, “ಶೀಲಾಗ ಏನಾತಂತ ಯಾರೂ ಕೇಳಲಿಲ್ಲಂತ ನೀನ ಅಳತಿದ್ದಿ, ನಾ ಸಾವಿರ ಮಂದಿ ಕಡಿಂದ ಕೇಳಿಸೇನಿ” ಎಂದಿದ್ದೀ. ಮುಂದಿನದರಲ್ಲಿ, “ಅದು ಖರೇ ಹೆಸರಂತ ಯಾರಿಗೆ ಗೊತ್ತಾಗತೈತಿ?” ಎಂದಿದ್ದೀ. ಯಾರಿಗೂ ಗೊತ್ತಾಗದಿದ್ದರೆ ನೀನು ಕೇಳಿಸಿದ್ದೇನು? ಗೊತ್ತಾಗುವುದಾದರೆ ನನ್ನನ್ನೇಕೆ ಕೇಳಲಿಲ್ಲ? ಆರು ವರ್ಷ ಆ ಪ್ರಶ್ನೆ ನಮ್ಮ ಕೈಯಲ್ಲಾದರೂ ಇತ್ತು. ಎಂದಾದರೂ ಒಬ್ಬ ವಕೀಲರ ಮುಂದೆ ಇಡಬಹುದು ಎಂದುಕೊಂಡಿದ್ದೆ. ಇನ್ನು ಇಟ್ಟರೆ ಆ ಊರಿನವರು ಹೇಳುವುದು ಒಂದೇ ಮಾತು: ಹಿಮದ ಕಥೆ. ನೀನು ನ್ಯಾಯ ಕೊಡಿಸಲಿಲ್ಲ, ಅವರಿಗೆ ನಗಲು ಕೊಟ್ಟೆ. ನಿನಗೆ ಒಳ್ಳೆಯ ಹೆಸರು ಬಂದಿದೆಯಂತೆ, ‘ಕನ್ನಡದ್ದೇ ಕಥೆ ಅನ್ನಿಸುತ್ತದೆ’ ಎಂದು ಜನ ಬರೆದಿದ್ದಾರಂತೆ. ಅನ್ನಿಸದೆ ಏನು? ಸತ್ತವಳು ನಮ್ಮ ಮನೆಯವಳು.

ಆಟದಲ್ಲಿ ಅನುವಾದಕಿ ಎಂದು ನನ್ನ ಹೆಸರಿದೆ. ತೆಗೆ. ಶೀಲಾಳ ಹೆಸರು ಇರುವಲ್ಲೆಲ್ಲ ಯುಕಿ ಎಂದು ಮತ್ತೆ ಹಾಕು. ನಿನಗೆ ಒಂದು ದಿನದ ಕೆಲಸ. ನಮ್ಮಿಬ್ಬರ ಇಪ್ಪತ್ತು ವರ್ಷದ ಸ್ನೇಹದ ಮಾತು ಆಮೇಲೆ.

ಇಷ್ಟು ಬರೆದ ಮೇಲೂ ನಿನಗೆ ಕೆಟ್ಟದ್ದಾಗಲಿ ಎನ್ನಲು ನನ್ನಿಂದಾಗುತ್ತಿಲ್ಲ. ಶೀಲಾಳನ್ನು ಮಣ್ಣು ಮಾಡಿದ ದಿನ ನನ್ನ ಪಕ್ಕ ಕೂತು ನನಗೆ ಅನ್ನ ಕಲಸಿ ತಿನ್ನಿಸಿದವಳು ನೀನು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿಮ್ಮ ಅವ್ವಾರಿಗೆ ನನ್ನ ನಮಸ್ಕಾರ ಹೇಳು.

ಸುಧಾರಾಣಿ

ತಾ.ಕ.: ಕಾಗದ ಮಡಿಸುವ ಮುಂಚೆ ಆಟವನ್ನು ನಾನೇ ಒಮ್ಮೆ ಕೊನೆಯವರೆಗೂ ಆಡಿದೆ. ನಾಲ್ಕನೆಯ ಅಧ್ಯಾಯದಲ್ಲಿ, ಕಥೆ ಸಾವಿನ ಹಿಂದಿನ ದಿನಕ್ಕೆ ತಿರುಗಿದಾಗ, ನಾನು ತಿದ್ದದ ಒಂದು ಪುಟ ಬಂತು. ಯುಕಿಗೆ ಮೂಲದಲ್ಲಿ ಅಕ್ಕ ಇಲ್ಲ. ಇಲ್ಲಿ ಒಬ್ಬ ಅಕ್ಕ ಪಾಠ ಮಾಡುತ್ತಿದ್ದಾಳೆ, ಟೇಬಲ್ಲಿನ ಮೇಲೆ ಫೋನು ಅದುರುತ್ತಿದೆ, ತಂಗಿಯ ಹೆಸರು ಕಾಣುತ್ತಿದೆ. ಎರಡು ದಾರಿ: ‘ಎತ್ತು’, ‘ಆಮೇಲೆ ಮಾಡಿದರಾಯಿತು’. ಶೀಲಾ ಸತ್ತ ದಿನ ಅವಳ ಫೋನು ಬಂದಾಗ ನಾನು ಅದನ್ನು ಬೋರಲು ಹಾಕಿ ಸಂಧಿ ಪಾಠ ಮುಂದುವರಿಸಿದ್ದನ್ನು ಈ ಲೋಕದಲ್ಲಿ ಹೇಳಿದ್ದು ನಿನಗೊಬ್ಬಳಿಗೆ. ಅವ್ವನಿಗೂ ಹೇಳಿಲ್ಲ. ಆ ಹುಡುಗಿಯರು ಎರಡನೆಯದನ್ನು ಒತ್ತಿರಬೇಕು. ನಾನು ‘ಎತ್ತು’ ಒತ್ತಿದೆ. ಅವಳು, “ಅಕ್ಕಾ, ಬಂದು ನನ್ನ ಕರಕೊಂಡು ಹೋಗ” ಎಂದಳು. ಅಕ್ಕ ಹೋದಳು. ಅವಳು ಬದುಕಿದಳು.

ಶೀಲಾ ಅವತ್ತು ರವಿಕೆಯ ಅಳತೆ ಕೇಳಲು ಫೋನು ಮಾಡಿದ್ದಳೋ, ಊಟ ಆಯಿತೇ ಎಂದು ಕೇಳಲೋ ಎಂದು ಆರು ವರ್ಷ ನನಗೆ ನಾನೇ ಹೇಳಿಕೊಂಡು ಬದುಕಿದ್ದೆ. ನನಗೆ ಗೊತ್ತಿರಲಿಲ್ಲ, ರಾಜಶ್ರೀ. ನಿನಗೂ ಗೊತ್ತಿಲ್ಲ. ಆದರೆ ಅವಳು ಹೇಗೆ ಮಾತಾಡುತ್ತಿದ್ದಳೆಂದು ನಿನಗೆ ಗೊತ್ತಿತ್ತು, ಹಾಗೆಯೇ ಬರೆದಿದ್ದೀ. ಈಗ ನನ್ನ ಕಿವಿಯಲ್ಲಿ ಅದೊಂದೇ ಮಾತು. ಬರುವ ಭಾನುವಾರ ಅವ್ವ ಆ ಹುಡುಗಿಯರನ್ನು ಇನ್ನೊಮ್ಮೆ ಓದಿ ಹೇಳಲು ಕರೆದಿದ್ದಾಳೆ; ಈ ಸಲ ಅವರು ‘ಎತ್ತು’ ಒತ್ತಬಹುದು. ಹೆಸರು ಆಮೇಲೆ ತೆಗೆ, ಮೊದಲು ಆ ಪುಟ ತೆಗೆ.