ಸರಿ ಅರ್ಧದ ಗೆರೆ

ಅಬ್ಬಿಗೆರೆ
೧೨ ಸೆಪ್ಟೆಂಬರ್ ೨೦೨೫

ಅಣ್ಣ ಆಂಜಿನಪ್ಪನಿಗೆ ತಮ್ಮ ಮುನಿರಾಜು ಮಾಡುವ ನಮಸ್ಕಾರ.

ಪಕ್ಕದ ಮನೆಗೆ ಕಾಗದ ಬರೆಯುವ ಮೇಷ್ಟ್ರನ್ನು ನೀನು ನೋಡಿರಲಾರೆ. ನಗಬೇಡ. ನಿನ್ನ ಗೇಟಿನವರೆಗೆ ಎರಡು ಸಲ ಬಂದು ವಾಪಸ್ಸು ಹೋದೆ. ಮೂರನೇ ಸಲ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ಆರು ವರ್ಷ ತಡವಾಯಿತು, ಕ್ಷಮಿಸು. ನಿನ್ನ ಕೆಮ್ಮು ಗೋಡೆಯಾಚೆಯಿಂದ ದಿನಾ ಕೇಳಿಸುತ್ತದೆ. ಡಾಕ್ಟರಿಗೆ ತೋರಿಸಿದೆಯಾ? ಅತ್ತಿಗೆಯ ಮಂಡಿನೋವು ಹೇಗಿದೆ?

ಕಳೆದ ತಿಂಗಳು ನಾನು ರಿಟೈರ್ ಆದೆ. ಸೋಲದೇವನಹಳ್ಳಿ ಶಾಲೆಯಲ್ಲಿ ಹಾರ ಹಾಕಿ, ಗಡಿಯಾರ ಕೊಟ್ಟು ಕಳಿಸಿದರು. ಕೊನೆಯ ಪೀರಿಯಡ್ಡು ಆರನೇ ಕ್ಲಾಸಿಗೆ ರೇಖಾಖಂಡ. ರೇಖೆಗೆ ಕೊನೆಯಿಲ್ಲ, ರೇಖಾಖಂಡಕ್ಕೆ ಎರಡು ತುದಿ. ಎರಡೂ ತುದಿಯಲ್ಲಿ ಕೈವಾರ ಊರಿ ಕಂಸ ಎಳೆದರೆ, ಅವು ಸೇರುವ ಕಡೆಯಿಂದ ಸರಿ ಅರ್ಧದ ಗೆರೆ ಸಿಗುತ್ತದೆ. ಮೂವತ್ತೈದು ವರ್ಷ ಹೇಳಿದ್ದೇ ಹೇಳಿದ್ದು. ಒಬ್ಬ ಹುಡುಗಿ, "ಸಾರ್, ಎಷ್ಟ್ ಸಲ ಎಳೆದ್ರೂ ಸೇರ್ತಾನೇ ಇಲ್ಲ" ಅಂತ ಅಳುಮುಖ ಮಾಡಿಕೊಂಡು ಬಂದಳು. ಕೈವಾರವನ್ನು ಅರ್ಧಕ್ಕಿಂತ ಕಡಿಮೆ ಅಗಲಿಸಿದ್ದಳು. "ಎರಡು ಕಡೆಯಿಂದ್ಲೂ ಅರ್ಧ ದಾಟಿ ಬರ್ಬೇಕು ಕಣಮ್ಮ" ಅಂದೆ. ಅಂದವನು ನಮ್ಮಿಬ್ಬರ ನೆನಪಾಗಿ ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಮಕ್ಕಳು ರಿಟೈರ್ ಆಗುವ ದುಃಖ ಅಂದುಕೊಂಡವು.

ಹಳೇ ಮನೆ ಕೆಡವಿ ಜಾಗ ಭಾಗ ಮಾಡಿದ ದಿನ ನಾನು ಮಾಡಿದ್ದೂ ಇದನ್ನೇ. ಸರ್ವೆಯವರು ಯಾಕೆ, ನಾನಿಲ್ಲವಾ ಅಂತ ಜಂಬ ಬೇರೆ! ಮುಂದಿನ ಎರಡು ಮೂಲೆಗೆ ಗೂಟ ಹೊಡೆದು, ಹಗ್ಗವನ್ನೇ ಕೈವಾರ ಮಾಡಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಅದು ನೆಟ್ಟಗೆ ಹಿತ್ತಿಲಿಗೆ ಹೋಗಿ ಅವ್ವನ ಒರಳುಕಲ್ಲಿನ ನಡುವೆಯೇ ಹಾಯಿತು.

"ಒಂದಡಿ ಆಚೆಗೋ ಈಚೆಗೋ ಹಾಕೋ, ಒರಳು ಯಾರ್ದೋ ಒಬ್ರಿಗೆ ಉಳೀಲಿ" ಅಂತ ನೀನು ಹೇಳಿದೆ.

"ಅರ್ಧ ಅಂದ್ರೆ ಅರ್ಧ" ಅಂತ ನಾನು ಹೇಳಿದೆ. ಗಾರೆ ಕೆಲಸದ ಮುರುಗೇಶ್ ಇಬ್ಬರ ಮುಖವನ್ನೂ ನೋಡಿ, ಕಲ್ಲಿನ ಮೇಲೇ ಗೋಡೆ ಎಬ್ಬಿಸಿದ. ಈಗ ಅದು ಆ ಕಡೆಗಿಷ್ಟು ಈ ಕಡೆಗಿಷ್ಟು ಚಾಚಿಕೊಂಡಿದೆ. ಯಾರಿಗೂ ರುಬ್ಬಲು ಬರುವುದಿಲ್ಲ.

ನನ್ನ ನಾಗಲಕ್ಷ್ಮಿ ಹೋಗಿ ಎಂಟು ತಿಂಗಳಾಯಿತು. ಅವತ್ತು ನೀನು ಹೆಗಲು ಕೊಟ್ಟೆ, ಮೂರು ಹಿಡಿ ಮಣ್ಣು ಹಾಕಿದೆ, ನನ್ನ ಜೊತೆ ಒಂದು ಮಾತೂ ಆಡದೆ ಹೊರಟುಹೋದೆ. ಈಗ ಮನೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ. ತುಂಬಾ ಬೇಜಾರು ಕಣಣ್ಣ. ಒಬ್ಬನೇ ಉಣ್ಣುವುದು ಇನ್ನೂ ಅಭ್ಯಾಸವಾಗಿಲ್ಲ.

ಇಪ್ಪತ್ತೊಂದಕ್ಕೆ ಮಹಾಲಯ ಅಮಾವಾಸ್ಯೆ. ಆರು ವರ್ಷದಿಂದ ಅಪ್ಪ ಅವ್ವನಿಗೆ ನಿನ್ನದೊಂದು ಎಡೆ, ನನ್ನದೊಂದು ಎಡೆ. "ಅತ್ತೆ ಮೊದ್ಲು ಯಾರ ಮನೇಗೆ ಊಟಕ್ಕೆ ಹೋಗ್ತಾರೋ, ಪಾಪ" ಅನ್ನುತ್ತಿದ್ದಳು ನಾಗಲಕ್ಷ್ಮಿ. ಈ ಸಲ ಅವಳಿಗೂ ಮೊದಲ ಎಡೆ. ಸೀರೆ ತಂದಿಟ್ಟಿದ್ದೇನೆ. ಆದರೆ ಕಜ್ಜಾಯದ ಪಾಕದ ಹದ ನನಗೆಲ್ಲಿ ಗೊತ್ತು? ಎಲ್ಲರಿಗೂ ಒಂದೇ ಕಡೆ ಇಡೋಣವಾ? ನಿನ್ನ ಮನೆಯಲ್ಲೇ. ನಾನೇ ಬರುತ್ತೇನೆ, ನೀನು ಬಾಗಿಲು ತೆಗೆದಿಟ್ಟಿರು ಸಾಕು.

ಅತ್ತಿಗೆಗೆ ನಮಸ್ಕಾರ. ನಿನ್ನ ಮಕ್ಕಳು ಅಶ್ವತ್ಥ್, ಭೀಮರಾಜ್ ಇಬ್ಬರೂ ಚೆನ್ನಾಗಿರಲಿ, ಅವರ ಮನೆ ತುಂಬಿರಲಿ.

ಇಂತಿ ನಿನ್ನ ತಮ್ಮ,
ಮುನಿರಾಜು

ವಿ.ಸೂ.: ಇದನ್ನು ಮರೆತಿದ್ದೆ ಅಂತ ಸುಳ್ಳು ಹೇಳುವುದಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಗೆರೆ ಹಾಕಿದ ದಿನ ನೀನು ಮುರುಗೇಶನಿಗೆ ನಗುತ್ತಾ ಹೇಳಿದೆ: "ಇವ್ನಿಗ್ಯಾಕೆ ಸರಿ ಅರ್ಧ? ಮಕ್ಳಾ ಮರಿಯಾ? ಕೊನೆಗೆ ನಮ್ ಹುಡುಗ್ರಿಗೇ ತಾನೇ ಬರೋದು." ನಿನ್ನ ಹಿಂದೆ ನಾಗಲಕ್ಷ್ಮಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು. ಒಂದಡಿ ಬಿಡದ ಹಟ ನನಗೆ ಬಂದದ್ದು ಆಗ. ಅವಳು ಆ ಮಾತನ್ನು ಯಾವತ್ತೂ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಒಂದೇ ಒಂದು ಸಲ ಕೇಳಿದಳು: "ರೀ, ನೀವೂ ಹೋದ್ಮೇಲೆ ನಂಗೆ ಎಡೆ ಇಡೋರು ಯಾರ್ರೀ?" ಅದಕ್ಕೇ ಅಣ್ಣ, ನಿನ್ನ ಮನೆಯಲ್ಲಿ ಅಂದದ್ದು. ಎಡೆ ಇಡುವಾಗ ಅವಳ ಹೆಸರು ಹೇಳುವುದನ್ನು ನಿನ್ನ ಮಕ್ಕಳು ಒಂದು ಸಲ ಕೇಳಿಸಿಕೊಳ್ಳಲಿ.