ನನ್ನ ಪಾಸ್‌ಪೋರ್ಟಿನ ಸಿಮ್

ಅಕ್ಕಾ,

ಅಕ್ಷರ ಸೊಟ್ಟಗಿದೆ, ಒತ್ತು ದೀರ್ಘಗಳು ಎಲ್ಲೆಲ್ಲೋ ತಪ್ಪಿರಬಹುದು, ಕ್ಷಮಿಸು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈ ಇದು. ನಿನ್ನ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ನನ್ನಿಂದ ಕಾಪಿ ಬರೆಸುತ್ತಿದ್ದವಳು ನೀನೇ. ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಭಾವನ ಸ್ನೇಹಿತರ ಮುಂದೆ ನಿನ್ನನ್ನು ನೀವು ಅನ್ನಬೇಕೆಂದು ನೀನೇ ಹೇಳಿದ್ದೆ. ಇದನ್ನು ಓದುವವಳು ನೀನೊಬ್ಬಳೇ, ಆದ್ದರಿಂದ ಮೊದಲಿನ ಹಾಗೆ ನೀನು ಅಂತಲೇ ಬರೆಯುತ್ತೇನೆ.

ಮಗುವನ್ನು ನೋಡಿಕೊಳ್ಳಲು ನಮ್ಮವರೇ ಬೇಕೆಂದು ನಿನ್ನಮ್ಮ, ನನ್ನ ದೊಡ್ಡಮ್ಮನಿಂದ ಹೇಳಿಸಿ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡೆ. ವಿಮಾನ ಇಳಿದು ಹೊರಗೆ ಬಂದವಳನ್ನು ಮನೆಗಿಂತ ಮೊದಲು ನಿಲ್ಲಿಸಿದ್ದು ಸಿಮ್ ಮಾರುವ ಕೌಂಟರಿನ ಮುಂದೆ. ಹೊಸದಾಗಿ ಬಂದ ಪ್ರವಾಸಿಗಳಿಗೆ ಮಾತ್ರ ಕೊಡುವ ಪ್ರೀಪೇಯ್ಡ್ ಸಿಮ್, ಇಂಟರ್ನೆಟ್ ಬೇಕಾದಷ್ಟು ಬರುತ್ತದೆ, ಇಲ್ಲೇ ವಾಸವಿರುವ ನಮಗೆ ಸಿಗುವುದಿಲ್ಲ ಎಂದೆ ನೀನು. ನನ್ನ ಪಾಸ್‌ಪೋರ್ಟ್ ಕೇಳಿ ಇಸಿದುಕೊಂಡರು, ನನ್ನ ಫೋಟೋ ತೆಗೆದರು. "ಸ್ವಲ್ಪ ನಗೇ, ಪಾಸ್‌ಪೋರ್ಟಲ್ಲಿ ಕಳ್ಳಿ ಥರ ಇದೀಯ" ಎಂದೆ ನೀನು. ಸಿಮ್ ನನಗೆ ಎಂದುಕೊಂಡು ನಕ್ಕೆ. ಕಾರಿನಲ್ಲಿ ಕೂತು ಕವರಿನ ಮೇಲಿನ ನಂಬರನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಅಷ್ಟರಲ್ಲಿ ಸಿಮ್ ನಿನ್ನ ಫೋನಿನೊಳಗೆ ನಿನ್ನ ಸಿಮ್ಮಿನ ಪಕ್ಕ ಸೇರಿಯಾಗಿತ್ತು.

"ಮನೇಲಿ ವೈಫೈ ಇದೆಯಲ್ಲ. ನಿನಗೆ ಯಾರೇ ಫೋನ್ ಮಾಡ್ತಾರೆ?"

ಅದಕ್ಕೂ ನಕ್ಕೆ. ನನ್ನ ಫೋನಿನಲ್ಲಿದ್ದ ಊರಿನ ಸಿಮ್ಮಿಗೆ ಇಲ್ಲಿ ಜೀವವಿರಲಿಲ್ಲ. ನಿನ್ನ ವೈಫೈ ಲಿಫ್ಟಿನ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು.

ಆ ಮಂಗಳವಾರ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋದೆ. ವಾಪಸು ಬರುವಾಗ ದಿನಾ ಬರುವ ಗೇಟಿಗೆ ಬೀಗ ಹಾಕಿ ಬಣ್ಣ ಬಳಿಯುತ್ತಿದ್ದರು. ಬೇರೆ ಗೇಟಿನಿಂದ ಹೊರಬಿದ್ದೆ. ಎಲ್ಲ ಕಟ್ಟಡವೂ ಒಂದೇ ಬಣ್ಣ, ಒಂದೇ ಬಾಲ್ಕನಿ. ಎರಡು ಗಂಟೆ ಸುತ್ತಿದೆ. ಮಗು ಹಸಿದು ಅತ್ತು ಅತ್ತು ದನಿ ಕಟ್ಟಿತು. ಕೊನೆಗೆ ಒಂದು ಲಾಂಡ್ರಿಗೆ ನುಗ್ಗಿದೆ. ಇಸ್ತ್ರಿ ಮಾಡುತ್ತಿದ್ದ ಹೆಂಗಸಿಗೆ ನನ್ನ ಭಾಷೆ ಬಾರದು, ನನಗೆ ಅವಳದು ಬಾರದು. ಎರಡು ನಂಬರು ಬರೆದು ತೋರಿಸಿದೆ. ಅವಳು ತನ್ನ ಫೋನಿನಿಂದ ನಿನ್ನ ನಂಬರಿಗೆ ಮಾಡಿದಳು, ಎತ್ತಲಿಲ್ಲ. ನನ್ನ ಪಾಸ್‌ಪೋರ್ಟಿನ ಸಿಮ್ಮಿನ ನಂಬರಿಗೆ ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ನೀನು ಕತ್ತರಿಸಿದೆ. ಗುರುತಿಲ್ಲದ ನಂಬರು ನೀನು ಎತ್ತುವುದಿಲ್ಲವಲ್ಲ.

ದಾರಿ ತೋರಿಸಿದ್ದು ಮಗುವಿನ ಹೊದಿಕೆ. ಅದರ ಅಂಚಿನಲ್ಲಿ ಅದೇ ಲಾಂಡ್ರಿಯ ಚೀಟಿ ಪಿನ್ನಿನಲ್ಲಿ ನೇತಾಡುತ್ತಿತ್ತು. ಅವಳು ಪುಸ್ತಕ ತಿರುವಿ ವಿಳಾಸ ಹುಡುಕಿ, ಚೀಟಿಯ ಹಿಂದೆ ಬರೆದು, ಅಂಗಡಿಗೆ ಬಾಗಿಲು ಹಾಕಿಕೊಂಡು ನಮ್ಮನ್ನು ಕರೆತಂದಳು. ಮನೆ ಎರಡೇ ಬೀದಿ ಆಚೆ ಇತ್ತು.

ನೀನು ಬೈದದ್ದಕ್ಕೆ ನನಗೆ ಬೇಜಾರಿಲ್ಲ. ಹೆತ್ತ ಹೊಟ್ಟೆ, ಉರಿಯುತ್ತದೆ. ಆದರೆ ಮಾರನೆಯ ದಿನ ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದೆಯಲ್ಲ, ನಾನು ಪಕ್ಕದಲ್ಲೇ ಮಗುವಿನ ಬಟ್ಟೆ ಮಡಚುತ್ತಿದ್ದೆ: "ಅವಳ ಹೆಸರಲ್ಲೇ ಸಿಮ್ ತೆಗೆಸಿದ್ದೆ ಕಣಮ್ಮ. ಒಂದು ಫೋನ್ ಮಾಡೋಕಾಗಲಿಲ್ಲ ಮಹಾರಾಣಿಗೆ."

ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

ಊರಿನ ಶಿಶುವಿಹಾರದ ಟೀಚರು, ನಾನು ವಾಪಸು ಬಂದ ಕೂಡಲೇ ಆಯಾ ಕೆಲಸ ನನಗೇ ಎಂದಿದ್ದರು. ಆ ಕೆಲಸ ನಂಬಿಕೊಂಡೇ ನಾನು ವಿಮಾನ ಹತ್ತಿದ್ದು. ದೊಡ್ಡಮ್ಮನ ಬಾಯಿಂದ ಮಾತು ಅವರ ಕಿವಿಗೆ ಹೋಗಲು ಎರಡು ದಿನವೂ ಬೇಕಾಗಲಿಲ್ಲ. ಮಗು ಕಳೆಯುವವಳ ಕೈಗೆ ಇಪ್ಪತ್ತು ಮಕ್ಕಳನ್ನು ಹೇಗೆ ಕೊಡಲಿ ಎಂದರಂತೆ. ನನ್ನ ಅಮ್ಮ ನನ್ನ ಹತ್ತಿರ ಏನೂ ಕೇಳಲಿಲ್ಲ, ಅಕ್ಕನಿಗೆ ಎದುರು ಮಾತಾಡಬೇಡ ಎಂದಳು. ನಾನು ಯಾವತ್ತು ಮಾತಾಡಿದ್ದೆ?

ಈಗ ಅವಧಿಗೆ ಮೊದಲೇ ಕಳಿಸುತ್ತಿದ್ದೀಯ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ನನ್ನ ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟು, ಸಿಮ್ಮಿನ ಗಡುವು ಮುಗಿಯುತ್ತಿದೆ, ವಿಮಾನಕ್ಕೆ ಮೊದಲು ಇನ್ನೊಂದು ತಿಂಗಳಿಗೆ ಮುಂದುವರಿಸಿಬಿಡು ಎಂದೆ. ನಾನು ಹೋದ ಮೇಲೂ ನಾನು ನಿನ್ನ ಫೋನಿನೊಳಗೆ ಇರಬೇಕಿತ್ತು.

ಭಾವನಿಗೆ ಇವತ್ತು ರಜೆ, ಮಗು ಅವರ ಎದೆಯ ಮೇಲೆ ಮಲಗಿತ್ತು. ಸಿಮ್ ಅಂಗಡಿಗೆ ಒಬ್ಬಳೇ ಹೋದೆ. ಅಂಗಡಿಯ ಹುಡುಗಿ ಏನೋ ಕೇಳಿದಳು. ನನಗೆ ಇಲ್ಲಿಯ ಒಂದೇ ಒಂದು ಮಾತು ಚೆನ್ನಾಗಿ ಬರುತ್ತದೆ. ಲಿಫ್ಟಿನ ಬಾಗಿಲು ಮುಚ್ಚುವಾಗ ಯಂತ್ರದೊಳಗಿನ ಹೆಂಗಸಿನ ದನಿ ದಿನಾ ಹೇಳುವ, ಮುಚ್ಚುತ್ತಿದೆ ಎನ್ನುವ ಮಾತು. ಅದನ್ನೇ ಎರಡು ಸಲ ಹೇಳಿದೆ. ಅವಳಿಗೆ ಅರ್ಥವಾಯಿತು. ಸಿಮ್ ರದ್ದು ಮಾಡುವ ಫಾರಮ್ಮಿನ ಮೇಲೆ ಕನ್ನಡದಲ್ಲೇ ಸಹಿ ಮಾಡಿದೆ.

ನಿನ್ನ ಸ್ವಂತ ನಂಬರು ಇದ್ದೇ ಇದೆ, ನಿನಗೇನೂ ಕಷ್ಟವಾಗದು. ಮಗುವಿಗೆ ಹಲ್ಲು ಬರುತ್ತಿದೆ, ಜ್ವರ ಬಾರದೆ ಬರಲಿ. ನೂರು ವರ್ಷ ಬಾಳಲಿ. ನನ್ನ ನೆನಪು ಅದಕ್ಕೆ ಇರುವುದಿಲ್ಲ, ಇರುವುದೂ ಬೇಡ.

ಬರುತ್ತೇನೆ ಎಂದು ಹೇಳುವುದಿಲ್ಲ, ಹೋಗುತ್ತೇನೆ.

ನಿನ್ನ ಚಿಕ್ಕಮ್ಮನ ಮಗಳು

ಅಂಗಡಿಯಿಂದ ಬಂದವಳೇ ಆ ಲಾಂಡ್ರಿ ಚೀಟಿಯನ್ನು, ವಿಳಾಸ ಕಾಣುವ ಹಾಗೆ, ಗಾಡಿಯ ಹಿಡಿಗೆ ದಾರದಿಂದ ಕಟ್ಟಿದ್ದೇನೆ. ಮುಂದೆ ಬರುವ ಹುಡುಗಿಗೆ ಬೇಕಾಗುತ್ತದೆ. ಬಿಚ್ಚಬೇಡ.