ಹದಿನಾಲ್ಕನೇ ಹಾಸಿಗೆಯ ಪಾಳಿ

ಕಪ್ಪತಗುಡ್ಡ ಶುಶ್ರೂಷಾ ಮಹಾವಿದ್ಯಾಲಯ, ಗದಗ ಸೀಮೆ
ಫೆಬ್ರವರಿ ೩೦, ೨೧೮೪, ಸಂಜೆ

ನನಗಿಂತ ಸುಮಾರು ನೂರೈವತ್ತು ವರ್ಷ ಹಿಂದೆ ನರ್ಸಿಂಗ್ ಎಂ.ಎಸ್ಸಿ.ಗೆ ಹೊಸದಾಗಿ ಸೇರಿರುವ ಸಿಸ್ಟರ್ ಅವರಿಗೆ,

ಮೇಲಿನ ತಾರೀಖು ನೋಡಿ ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಈ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದಾಗ ಬಡಪಾಯಿ ಫೆಬ್ರವರಿಗೂ ಅದರ ಪಾಲು ಸಿಕ್ಕಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ಗೊತ್ತಾಗದ ಪದ ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ನಿಮ್ಮನ್ನು ಹೇಗೆ ಕರೆಯಬೇಕೆಂಬುದೇ ನನಗೆ ಮೊದಲ ತೊಡಕಾಯಿತು. ವಯಸ್ಸಿನಲ್ಲಿ ನೀವು ನನ್ನ ಮಗಳಿಗಿಂತ ಚಿಕ್ಕವರು, ಹುಟ್ಟಿದ ವರ್ಷ ನೋಡಿದರೆ ನನ್ನ ಮುತ್ತಜ್ಜಿಗೂ ಹಿರಿಯರು. ನಿಮ್ಮ ಕಾಲದ ರೋಗಿಗಳು ನರ್ಸುಗಳನ್ನು ‘ಸಿಸ್ಟರ್’ ಎನ್ನುತ್ತಿದ್ದರಂತೆ. ಆ ಮಾತು ನಮ್ಮಲ್ಲಿ ಅಳಿದುಹೋಗಿದೆ. ನನಗೆ ಅದು ಹಿಡಿಸಿತು, ಅದನ್ನೇ ಬಳಸುತ್ತೇನೆ.

ನನ್ನ ಹೆಸರು ಸುಕೃಪಾ ದೇವದಾನ. ಈ ಮಹಾವಿದ್ಯಾಲಯದಲ್ಲಿ ಓದಿ, ಇಲ್ಲಿಯೇ ಕಲಿಸಿ, ಇಲ್ಲಿಯ ಆಸ್ಪತ್ರೆಯನ್ನು ಬಹಳ ವರ್ಷ ನಡೆಸಿದವಳು. ನಿಮ್ಮ ಕಾಲದ ಎಷ್ಟೋ ಸಂಗತಿ ನಮ್ಮಲ್ಲಿಲ್ಲ. ಸೂಜಿ ಚುಚ್ಚುವುದಿಲ್ಲ, ರಕ್ತದ ಬಾಟಲಿ ತೂಗುಹಾಕುವುದಿಲ್ಲ. ಆಸ್ಪತ್ರೆಯ ಕ್ಯಾಂಟೀನಿನ ನೀರು ಚಹಾ ಮಾತ್ರ ಹಾಗೇ ಉಳಿದಿದೆಯೆಂದು ಹಿರಿಯರು ನಗುತ್ತಿದ್ದರು. ಹಾಗೇ ಉಳಿದ ಇನ್ನೊಂದು ಸಂಗತಿ ಪಾಳಿ ಒಪ್ಪಿಸುವ ಪದ್ಧತಿ. ಹೋಗುವವಳು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು, ರೋಗಿಗೆ ಕೇಳುವ ಹಾಗೆ, ಬಂದವಳಿಗೆ ಎಲ್ಲವನ್ನೂ ಹೇಳಬೇಕು. ಬಂದವಳು ‘ಒಪ್ಪಿಕೊಂಡೆ’ ಎನ್ನಬೇಕು. ಆ ಮಾತು ಬರುವವರೆಗೆ ಹೋಗುವವಳು ಹೊಸಿಲು ದಾಟುವಂತಿಲ್ಲ. ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ದಾಟುವಂತಿಲ್ಲ.

ನಾಳೆ ಬೆಳಿಗ್ಗೆ ನಾನು ಹೋಗಬೇಕು. ನನ್ನ ಬಲ ಭುಜ ಸೋತುಹೋಗಿದೆ, ಕೈ ನಡುಗುತ್ತದೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ನನಗೂ ಒಂದು ಮಂಚ ಗೊತ್ತುಮಾಡಿದ್ದಾರೆ, ಕರೆದೊಯ್ಯಲು ಗಾಡಿ ಬರುತ್ತದೆ. ನನ್ನ ಪಾಲಿಗೆ ಉಳಿದಿರುವುದು ಒಂದೇ ಹಾಸಿಗೆ, ಹದಿನಾಲ್ಕನೆಯದು. ಅದನ್ನು ಒಪ್ಪಿಕೊಳ್ಳಲು ಯಾರೂ ಬರುವುದಿಲ್ಲ.

ಆ ಹಾಸಿಗೆಯ ಮೇಲೆ ಇರುವವರು ನೀಲಾಂಬಿಕಾ ಕಡಪಟ್ಟಿ ಮೇಡಂ, ಈ ಮಹಾವಿದ್ಯಾಲಯವನ್ನು ಕಟ್ಟಿದವರು. ಹರೆಯದಲ್ಲಿ ಅವರು ವಾರ್ಡಿನ ನರ್ಸ್ ಆಗಿದ್ದರು. ಒಂದು ದಿನ ಬಾಣಂತಿಯೊಬ್ಬಳ ಮುಖದ ಬಣ್ಣ ಕಂಡು ಇವರಿಗೆ ಸಂಶಯ ಬಂತು. ಒಳಗೆ ರಕ್ತ ಹೋಗುತ್ತಿದೆ ಎಂದು ಡಾಕ್ಟರಿಗೆ ಹೇಳಿದರು. “ನಿನ್ನ ಕೆಲಸ ನೀ ನೋಡ್ಕೋ” ಎಂಬ ಉತ್ತರ ಬಂತು. ಮತ್ತೊಮ್ಮೆ ಹೋಗಿ ಹೇಳಿದರು, ಅದೇ ಉತ್ತರ. ಬಾಣಂತಿ ಸತ್ತಳು. ನಿರ್ಧಾರ ಮಾಡುವ ಮೇಜಿನ ಬಳಿ ನರ್ಸಿಗೆ ಒಂದು ಕುರ್ಚಿ ಇದ್ದಿದ್ದರೆ ಆ ಹೆಣ್ಣುಮಗಳು ಬದುಕುತ್ತಿದ್ದಳು ಎಂದು ಮೇಡಂ ಪ್ರತಿ ವರ್ಷದ ಮೊದಲ ಪಾಠದಲ್ಲಿ ಹೇಳುತ್ತಿದ್ದರು.

ಆ ಕುರ್ಚಿಗಾಗಿಯೇ ಅವರು ನೇತೃಪದವಿ ಶುರುಮಾಡಿದರು. ನಿಮ್ಮ ಎಂ.ಎಸ್ಸಿ.ಯ ಮೊಮ್ಮಗಳು ಎಂದುಕೊಳ್ಳಿ. ಅದನ್ನು ಮುಗಿಸಿದವಳನ್ನು ನೇತ್ರಿ ಎನ್ನುತ್ತೇವೆ. ಆಸ್ಪತ್ರೆಯ ಆಯವ್ಯಯ ಮಾಡುವುದು, ಸಾಂಕ್ರಾಮಿಕ ಬಂದರೆ ವಾರ್ಡುಗಳನ್ನು ಹಂಚುವುದು, ಕಾನೂನು ಓದುವುದು, ಮಂತ್ರಿಯ ಎದುರು ದೃಷ್ಟಿ ತಗ್ಗಿಸದೆ ಮಾತಾಡುವುದು, ಎಲ್ಲವನ್ನೂ ಕಲಿತೆವು. ಹುಲಕೋಟಿಯ ನೇಕಾರರ ಮನೆಯಿಂದ ಬಂದ ನಾನು ಮೊದಲ ಸಲ ಸಭೆಯಲ್ಲಿ ಎದ್ದು ‘ಇದು ಆಗದು’ ಎಂದ ದಿನ, ಹೊರಗೆ ಬಂದು ಗೋಡೆ ಹಿಡಿದು ಅತ್ತಿದ್ದೆ. ಖುಷಿಗೆ ಅತ್ತಿದ್ದೆ, ಸಿಸ್ಟರ್. ನಮ್ಮ ನೇತ್ರಿಯರು ಒಳ್ಳೆಯದನ್ನು ಮಾಡಲಿಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ನರ್ಸ್ ಸಂಶಯಪಟ್ಟರೆ ಡಾಕ್ಟರ್ ತಕ್ಷಣ ಬಂದು ನೋಡಲೇಬೇಕು ಎಂಬ ಕಾಯಿದೆ ಅವರದು. ಆ ಕಾಯಿದೆಯಿಂದ ಬದುಕಿದ ಬಾಣಂತಿಯರ ಮಕ್ಕಳು ಈಗ ಈ ಊರಿನಲ್ಲೇ ಓಡಾಡಿಕೊಂಡಿದ್ದಾರೆ.

ತಪ್ಪಿದ್ದು ಬೇರೆ ಕಡೆ. ನಿಮ್ಮ ಕಾಲದ ನರ್ಸುಗಳು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಪುಟ್ಟ ಗಡಿಯಾರವನ್ನು ನಾವೂ ಸಿಕ್ಕಿಸಿಕೊಳ್ಳುತ್ತಿದ್ದೆವು. ನಾಡಿ ಎಣಿಸಲು ಅದು ಬೇಕಿರಲಿಲ್ಲ, ಗೌರವಕ್ಕಾಗಿ ಇತ್ತು. ಮೊದಲ ನೇತ್ರಿಯರು ಸಭೆಗೆ ಹೋದಾಗ ಏನಾಯಿತೆಂದರೆ, ಮಾತಿನ ನಡುವೆ ಯಾರೋ ಒಬ್ಬರು ಆ ಗಡಿಯಾರ ನೋಡಿ, “ಸ್ವಲ್ಪ ಹೋಗಿ ಮೂರನೇ ಬೆಡ್ ನೋಡಿ ಬಾ” ಎನ್ನುವರು. ಇವಳು ಎದ್ದು ಹೋಗುವಳು. ತಿರುಗಿ ಬರುವಷ್ಟರಲ್ಲಿ ನಿರ್ಧಾರ ಮುಗಿದಿರುತ್ತಿತ್ತು. ಮೇಡಂಗೆ ರೋಸಿಹೋಯಿತು. ನೇತೃಪದವಿ ಪಡೆದ ದಿನ ಗಡಿಯಾರ ಬಿಚ್ಚಿ ಗಾಜಿನ ಭರಣಿಯಲ್ಲಿ ಹಾಕಬೇಕು, ಆಮೇಲೆ ಅವಳು ಹಾಸಿಗೆಯ ಕೆಲಸ ಮುಟ್ಟಬಾರದು ಎಂದು ನಿಯಮ ಮಾಡಿದರು. ಅವತ್ತಿಗೆ ಅದು ಸರಿಯಾಗಿಯೇ ಇತ್ತು. ನಾನೂ ಬಿಚ್ಚಿ ಹಾಕಿದೆ. ಅವ್ವ ಬುಟ್ಟಿ ತುಂಬ ಕರದಂಟು ತಂದು ಕೇರಿಗೆಲ್ಲ ಹಂಚಿದಳು.

ಬರುಬರುತ್ತ ಗಡಿಯಾರ ಇದ್ದವಳು ಎಂದರೆ ಮೇಲೆ ಹೋಗಲಾರದವಳು ಎಂದಾಯಿತು. ಹೆಣ್ಣು ನೋಡಲು ಬಂದವರು ಹುಡುಗಿಯ ಎದೆಯ ಮೇಲೆ ಗಡಿಯಾರ ಇನ್ನೂ ಇದೆಯೇ ಎಂದು ಕೇಳುವಷ್ಟಾಯಿತು. ಒಳ್ಳೆಯ ಕೈಯವರೆಲ್ಲ ಮೇಲಿನ ಮಹಡಿಗೆ ಹೋದರು. ಕೆಳಗೆ ಹೊರಳುಮಂಚ ಬಂತು. ಅದು ರೋಗಿಯನ್ನು ತಾನೇ ತೊಳೆಯುತ್ತದೆ, ಉಣಿಸುತ್ತದೆ, ಮಗ್ಗಲು ಬದಲಿಸುತ್ತದೆ, ಎಲ್ಲ ಸರಿಯಿದ್ದರೆ ಗೋಡೆಯ ಮೇಲೆ ಹಸಿರು ಬೆಳಕು ತೋರಿಸುತ್ತದೆ. ನಾವು ಮೇಲೆ ಕೂತು ಹಸಿರನ್ನು ನೋಡಿದೆವು. ಆ ಬಾಣಂತಿಯ ಮುಖದ ಬಣ್ಣ ಕಂಡಂಥ ಕಣ್ಣು ನಮ್ಮಲ್ಲಿ ಒಬ್ಬರಿಗೂ ಉಳಿಯಲಿಲ್ಲ, ಏಕೆಂದರೆ ಮುಖ ನೋಡುವಷ್ಟು ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಬಿಟ್ಟುಹೋಗುವುದೇ ದೊಡ್ಡ ಮರ್ಯಾದೆಯಾದ ಕೆಲಸಕ್ಕೆ ಯಾವ ಮಕ್ಕಳು ಬರುತ್ತಾರೆ? ಕೊನೆಗೆ ಕಲಿಯಲು ಯಾರೂ ಬಾರದೆ ಮಹಾವಿದ್ಯಾಲಯ ಮುಚ್ಚಿತು. ಗುಡ್ಡದ ಮೇಲಿನ ಹಳೆಯ ಗಾಳಿಯಂತ್ರಗಳ ಹಾಗೆ ಕಟ್ಟಡ ಮಾತ್ರ ನಿಂತಿದೆ.

ಹೋದ ಮಳೆಗಾಲದಲ್ಲಿ ಮೇಡಂ ಇದೇ ಕಟ್ಟಡದ ಹಳೆಯ ವಾರ್ಡಿನಲ್ಲಿ ಹಾಸಿಗೆ ಹಿಡಿದ ಸುದ್ದಿ ಬಂತು. ಮಾತಾಡಿಸಿಕೊಂಡು ಹೋಗಲು ಬಂದೆ. ಗೋಡೆ ಹಸಿರಾಗಿತ್ತು. ಮೇಡಂ ಅಳುತ್ತಿದ್ದರು. ನನ್ನನ್ನು ಕಂಡು, “ಸುಕೃಪಾ, ಇದು ನನ್ನ ಛಲೋ ಹೊಳ್ಳಿಸ್ತೈತಿ. ಆದ್ರ ಎತ್ತಾಗ ಹೊಳ್ಳಬೇಕಂತ ನನ್ನ ಒಮ್ಮೆರೆ ಕೇಳೂದಿಲ್ಲವಾ” ಎಂದರು. ನನಗೆ ತಡೆಯಲಾಗಲಿಲ್ಲ. ಭರಣಿಯಿಂದ ಕೈಗೆ ಸಿಕ್ಕ ಒಂದು ಗಡಿಯಾರ ತೆಗೆದು ಸಿಕ್ಕಿಸಿಕೊಂಡೆ. ಯಾರದೋ ಏನೋ, ನಿಂತುಹೋಗಿತ್ತು. ಅವರನ್ನು ಹಳೆಯ ಕಬ್ಬಿಣದ ಮಂಚಕ್ಕೆ ಇಳಿಸಿಕೊಂಡು, ಅದರ ಪಕ್ಕದಲ್ಲೇ ನನ್ನ ಚಾಪೆ ಹಾಸಿದೆ.

ಕೈ ಎಲ್ಲವನ್ನೂ ಮರೆತಿತ್ತು. ಮೊದಲ ದಿನ ಮೈ ಒರೆಸುವಾಗ ಅವರ ಕಿವಿಗೆ ನೀರು ಹೊಯ್ದೆ. “ಅಯ್ಯ ನಿನ್ನ! ಫಸ್ಟ್ ಇಯರ್ ಹುಡುಗಿ ನಿನಗಿಂತ ಛಲೋ ಮಾಡ್ತಾಳ. ನಿನಗ ಡಿಗ್ರಿ ಕೊಟ್ಟಾಕಿ ಯಾರವಾ?” ಎಂದರು. “ನೀವಽ ರೀ” ಎಂದೆ. ಇಬ್ಬರೂ ನಕ್ಕೆವು, ಕೆಮ್ಮು ಬರುವವರೆಗೆ ನಕ್ಕೆವು. ಅಷ್ಟು ನಕ್ಕಿದ್ದಕ್ಕೋ ಏನೋ, ಆ ದಿನ ಅವರು ಬಟ್ಟಲು ಪೂರ್ತಿ ಅಂಬಲಿ ಕುಡಿದರು.

ನನ್ನ ಭುಜ ಹೋದಮೇಲೆ ನನ್ನ ಜೊತೆ ಓದಿದವರಿಗೆಲ್ಲ ಹೇಳಿಕಳಿಸಿದೆ. ಎಲ್ಲರೂ ಆಸ್ಪತ್ರೆಗಳನ್ನು ನಡೆಸುತ್ತಿರುವವರು, ಎಲ್ಲರೂ ಮೇಡಂ ಕೈಯಲ್ಲಿ ಕಲಿತವರು. ಒಬ್ಬಳು ಅತ್ತಳು. ಒಬ್ಬಳು ಹೊಸ ಮಾದರಿಯ ಹೊರಳುಮಂಚ ಕಳಿಸುತ್ತೇನೆ ಎಂದಳು. ಉಳಿದವರು ಸೇರಿ ಒಂದು ಸಮಿತಿ ಮಾಡಿದ್ದಾರೆ. ಅವರು ಕೆಟ್ಟವರಲ್ಲ, ಸಿಸ್ಟರ್. ಮಲಗಿದವರ ತಲೆಯ ಕೆಳಗೆ ಕೈ ಹಾಕಿ ಎತ್ತುವುದು ಅವರಿಗೆ ಬರುವುದಿಲ್ಲ, ಅಷ್ಟೇ. ಬಾರದು ಎಂದು ಹೇಳಲು ನಾಚಿಕೆ.

ಇವತ್ತು ಬಿಸಿಲು ಇಳಿಯುವಾಗ ಮೇಡಂ ಕೇಳಿದರು, “ಯಾರು ಬರ್ತಾರ ನಾಳೆಗೆ?”

“ಬರ್ತಾರ್ರೀ, ಯಾರರೆ ಬರ್ತಾರ” ಎಂದೆ.

“ಪೇಷಂಟ್ ಮುಂದ ಸುಳ್ಳ ಹೇಳಬಾರ್ದು ಅಂತ ನಾನಽ ಕಲಿಸೇನಿ. ನನ್ನ ಮುಂದಽ ಹೇಳ್ತಿಯೇನು?” ಎಂದರು. ನಾನು ಅವರ ಹೊದಿಕೆ ಸರಿಮಾಡಿದೆ. ಆಮೇಲೆ, “ಆ ಗಡಿಯಾರ ಬಿಚ್ಚಸಬಾರದಿತ್ತು ನಾನು. ಕುರ್ಚಿ ಬೇಕಿತ್ತು, ಖರೆ. ಹಾಸಿಗಿ ಬಿಡು ಅನ್ನಬಾರದಿತ್ತು” ಎಂದರು. ಅವರ ಕಣ್ಣೀರು ಒರೆಸಲು ಹೋದೆ, ಕೈ ನಡುಗಿ ಸೆರಗು ಕಣ್ಣಿಗೆ ತಾಗಿತು. ಅವರು ನನ್ನ ಕೈ ಹಿಡಿದು ನಿಲ್ಲಿಸಿ, “ಮುಂದ ಯಾರೂ ಇಲ್ಲಂದ್ರ ಹಿಂದಿನವರಿಗೆ ಒಪ್ಪಸು. ಅವರಿಗಿನ್ನೂ ಟೈಮ್ ಐತಿ” ಎಂದರು.

ಅದಕ್ಕೇ ಈ ಪತ್ರ. ಇದು ನಿಮ್ಮನ್ನು ಹೇಗೆ ಮುಟ್ಟುತ್ತದೋ ನನಗೆ ತಿಳಿಯದು. ಹೇಳಿದವರು ನನ್ನ ಗುರು, ಹಾಗಾಗಿ ಬರೆಯುತ್ತಿದ್ದೇನೆ. ನೀವು ಓದುವುದನ್ನು ಬಿಡಬೇಡಿ. ಮೇಲೆ ಹೋಗಿ, ಅಗತ್ಯವಾಗಿ ಹೋಗಿ. ನೀವು ಹೋಗದಿದ್ದರೆ ಇನ್ನೊಬ್ಬ ಬಾಣಂತಿ ಸಾಯುತ್ತಾಳೆ. ಕುರ್ಚಿಯಲ್ಲಿ ಗಟ್ಟಿಯಾಗಿ ಕೂತುಕೊಳ್ಳಿ. ಸಭೆಯ ನಡುವೆ ಎಬ್ಬಿಸಿದರೆ ಏಳಬೇಡಿ. ಆದರೆ ಸಭೆ ಮುಗಿದ ಮೇಲೆ ಕೆಳಗೆ ಇಳಿದು ಬನ್ನಿ. ಎಷ್ಟೇ ದೊಡ್ಡವರಾದರೂ ಒಂದು ಹಾಸಿಗೆ ನಿಮ್ಮದೆಂದು ಇಟ್ಟುಕೊಳ್ಳಿ, ನಿಮ್ಮ ಕೈಯಿಂದಲೇ ಮೈ ಒರೆಸಿ, ಮಗ್ಗಲು ಬದಲಿಸಿ. ನಿಮ್ಮ ಶಿಷ್ಯೆಯರು ಅದನ್ನು ನೋಡಲಿ. ಅವರು ನೋಡಿದರೆ ಅವರ ಶಿಷ್ಯೆಯರು ನೋಡುತ್ತಾರೆ, ಹಾಗೆ ನಡೆಯುತ್ತ ಬಂದರೆ ನಾಳೆ ಬೆಳಿಗ್ಗೆ ಈ ಬಾಗಿಲಲ್ಲಿ ಒಬ್ಬಳಾದರೂ ನಿಂತಿರುತ್ತಾಳೆ.

ಈಗ ಪಾಳಿ ಒಪ್ಪಿಸುತ್ತೇನೆ. ಮೇಡಂ ಕೇಳಿಸಿಕೊಳ್ಳುತ್ತಿದ್ದಾರೆ.

ಹದಿನಾಲ್ಕನೇ ಹಾಸಿಗೆ, ನೀಲಾಂಬಿಕಾ ಕಡಪಟ್ಟಿ, ತೊಂಬತ್ತು ದಾಟಿದ ವಯಸ್ಸು. ಜ್ವರವಿಲ್ಲ. ನುಂಗುವುದು ನಿಧಾನ. ಜೋಳದ ಅಂಬಲಿಯನ್ನು ಆರಿಸಿ, ಮಜ್ಜಿಗೆ ಬೆರೆಸಿ, ಎತ್ತಿ ಕೂರಿಸಿ ಕೊಡಬೇಕು. ಒಂದು ಗುಟುಕು ಇಳಿದದ್ದು ಕಂಡಮೇಲೆ ಇನ್ನೊಂದು. ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆ, ಒಡೆದಿಲ್ಲ, ಒಡೆಯಲು ಬಿಡಬೇಡಿ. ಕಾಲುಗಳು ತಣ್ಣಗಿರುತ್ತವೆ, ಉಜ್ಜಿದರೆ ಬೇಡ ಎನ್ನುತ್ತಾರೆ, ಆದರೂ ಉಜ್ಜಿ. ಮಗ್ಗಲು ಬದಲಿಸುವ ಮೊದಲು ಎತ್ತಾಗ ಎಂದು ಕೇಳಿ. ಸಂಜೆಯಾದರೆ ಕಿಟಕಿಯ ಕಡೆ ಎನ್ನುತ್ತಾರೆ, ಗುಡ್ಡ ಕಾಣುತ್ತದೆ. ಸುಳ್ಳು ಹೇಳಿದರೆ ಗೊತ್ತಾಗುತ್ತದೆ. ನೋವು ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಇದೆ.

ಇಷ್ಟೇ. ನನ್ನ ಚೀಲ ಬಾಗಿಲ ಬಳಿ ಇದೆ. ಗಡಿಯಾರ ಬಿಚ್ಚಿ ದಿಂಬಿನ ಪಕ್ಕ ಇಟ್ಟಿದ್ದೇನೆ, ತೆಗೆದುಕೊಳ್ಳಿ. ಇನ್ನು ನೀವು ‘ಒಪ್ಪಿಕೊಂಡೆ’ ಎನ್ನಬೇಕು, ಅಲ್ಲಿಯವರೆಗೆ ನಾನು ಹೊಸಿಲು ದಾಟುವಂತಿಲ್ಲ. ಬಲಗಡೆಗೆ ಬಂದು, ಸ್ವಲ್ಪ ಗಟ್ಟಿಯಾಗಿ ಹೇಳಿ, ಸಿಸ್ಟರ್. ಅವರಿಗೆ ಎಡಗಿವಿ ಕೇಳಿಸುವುದಿಲ್ಲ.

ಸುಕೃಪಾ ದೇವದಾನ